ಸೊಂಟ ಮುರಿದ ಹಿರಿಯರ ಲೆಕ್ಕ: ದೇಶ ದೇಶಗಳ ರಿಜಿಸ್ಟ್ರಿಗಳನ್ನು ಹೋಲಿಸಿ ಓದುವುದು ಹೇಗೆ?

50 ವರ್ಷ ದಾಟಿದವರ 41 ಲಕ್ಷಕ್ಕೂ ಹೆಚ್ಚು ಸೊಂಟದ ಮೂಳೆ ಮುರಿತಗಳನ್ನು 19 ದೇಶ ಮತ್ತು ಪ್ರದೇಶಗಳಿಂದ ಕಲೆಹಾಕಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ನಿಂತು ಮಾಡಿದ ಕೆಲಸ ಅದು. ಮೂಳೆ ಮುರಿದ ಒಂದು ವರ್ಷದೊಳಗೆ ತೀರಿಕೊಂಡವರು ಸಿಂಗಪುರದಲ್ಲಿ ನೂರಕ್ಕೆ 14.4, ಬ್ರಿಟನ್ನಿನಲ್ಲಿ ನೂರಕ್ಕೆ 28.3 ಎಂದು ಅದು ಹೇಳುತ್ತದೆ.

ಹಾಗಾದರೆ ಸಿಂಗಪುರದ ಆಸ್ಪತ್ರೆಗಳು ಬ್ರಿಟನ್ನಿನವಕ್ಕಿಂತ ಎರಡು ಪಟ್ಟು ಚೆನ್ನಾಗಿವೆಯೇ? ಇದನ್ನು ಓದಿದ ಯಾರಿಗಾದರೂ ಈ ಪ್ರಶ್ನೆ ಬರುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ಒಮ್ಮೆ ಮೂಳೆ ಮುರಿದವರಿಗೆ ಮತ್ತೊಂದು ಮುರಿಯದಂತೆ ಮೂಳೆ ಗಟ್ಟಿ ಮಾಡುವ ಔಷಧ ಕೊಡಬೇಕು. ಅದನ್ನು ಒಂದು ವರ್ಷದೊಳಗೆ ಪಡೆದವರು ಜರ್ಮನಿಯಲ್ಲಿ ನೂರಕ್ಕೆ 11.5 ಮಾತ್ರ. ಬ್ರಿಟನ್ನಿನಲ್ಲಿ 50.3, ಎಲ್ಲರಿಗಿಂತ ಹೆಚ್ಚು. ಒಂದೇ ದೇಶ ಒಂದು ಪಟ್ಟಿಯಲ್ಲಿ ಕೊನೆಗೆ ನಿಂತಿದೆ, ಇನ್ನೊಂದರಲ್ಲಿ ಮೊದಲಿಗೆ.

ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇರುವ ಮನೆಗಳು ನಮ್ಮಲ್ಲಿ ಈಗ ಬೇಕಾದಷ್ಟಿವೆ. ‘ಅಲ್ಲಿ ಒಂದೂವರೆ ದಿನದಲ್ಲಿ ಆಪರೇಷನ್ ಮುಗಿಸುತ್ತಾರೆ, ಇಲ್ಲಿ ಯಾಕೆ ನಾಲ್ಕು ದಿನ?’ ಎಂದು ಫೋನಿನಲ್ಲಿ ಕೇಳುವುದೂ ಇದೆ. ಆ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಸಿಗುವುದು ಆಯಾ ದೇಶಗಳು ಇಟ್ಟುಕೊಂಡಿರುವ ದಾಖಲೆಗಳಲ್ಲಿ. ಆ ದಾಖಲೆಗಳನ್ನು ಓದುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಮುರಿಯುವುದು ಎಲ್ಲಿ?

ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಚೆಂಡು ಇದೆ. ಅದು ಸೊಂಟದ ಗುಳಿಯಲ್ಲಿ ಕೂತು ತಿರುಗುತ್ತದೆ. ಚೆಂಡಿನ ಕೆಳಗೆ ಸಣ್ಣ ಕತ್ತು. ವಯಸ್ಸಾದವರು ಬಚ್ಚಲಲ್ಲಿ ಜಾರಿದಾಗ, ಹೊಸಿಲು ಎಡವಿದಾಗ ಮುರಿಯುವುದು ಹೆಚ್ಚಾಗಿ ಈ ಕತ್ತು ಅಥವಾ ಅದರ ತುಸು ಕೆಳಗಿನ ಭಾಗ. ಇದನ್ನೇ ವೈದ್ಯರು ಹಿಪ್ ಫ್ರಾಕ್ಚರ್ ಎನ್ನುತ್ತಾರೆ.

ಕತ್ತು ಮುರಿದು ಸರಿದಿದ್ದರೆ ಚೆಂಡಿಗೆ ರಕ್ತ ಹೋಗುವ ದಾರಿ ಕಡಿದುಹೋಗಬಹುದು. ಆಗ ಮೂಳೆ ಕೂಡುವುದು ಕಷ್ಟ. ಅದಕ್ಕೇ ಹಿರಿಯರಲ್ಲಿ ಚೆಂಡನ್ನೇ ತೆಗೆದು ಲೋಹದ ಚೆಂಡು ಕೂರಿಸುತ್ತಾರೆ. ಇದಕ್ಕೆ ಹೆಮಿಆರ್ಥ್ರೋಪ್ಲಾಸ್ಟಿ ಎಂದು ಹೆಸರು, ಅಂದರೆ ಅರ್ಧ ಕೀಲು ಬದಲಾವಣೆ. ಕತ್ತಿನ ಕೆಳಗೆ ಮುರಿದಿದ್ದರೆ ಪ್ಲೇಟು–ಸ್ಕ್ರೂ ಹಾಕುತ್ತಾರೆ, ಇಲ್ಲವೇ ಮೂಳೆಯ ಒಳಗೆ ರಾಡು ಇಳಿಸುತ್ತಾರೆ.

‘ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಮಲಗಿಸಿ ನೋಡಿಕೊಂಡರೆ ಸಾಲದೇ?’ ಎಂದು ಮನೆಯವರು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮುರಿದ ಸೊಂಟದೊಡನೆ ಮಲಗಿದವರಿಗೆ ಮಗ್ಗುಲು ತಿರುಗಿಸಿದರೂ ನೋವು. ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಜೀವ ತೆಗೆಯುವುದು ಮೂಳೆಗಿಂತ ಹೆಚ್ಚಾಗಿ ಈ ತೊಂದರೆಗಳು. ನಡೆಯುವ ಆಸೆ ಇಲ್ಲದವರಿಗೂ ನೋವು ಇಳಿಸಲೆಂದೇ ಆಪರೇಷನ್ ಮಾಡುವುದುಂಟು.

ರಿಜಿಸ್ಟ್ರಿ ಎಂದರೇನು?

ರಿಜಿಸ್ಟ್ರಿ ಎಂದರೆ ಒಂದು ಕಾಯಿಲೆಗೆ ಸಂಬಂಧಿಸಿದ ಎಲ್ಲ ರೋಗಿಗಳ ವಿವರವನ್ನು, ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ಬಗೆಯ ನಮೂನೆಯಲ್ಲಿ ಬರೆದಿಡುವ ನೋಂದಣಿ. ಸಂಶೋಧನೆಗೆಂದು ಕೆಲವರನ್ನು ಆರಿಸಿಕೊಳ್ಳುವ ಕ್ರಮ ಇಲ್ಲಿಲ್ಲ. ಬಂದವರನ್ನೆಲ್ಲ ಬರೆಯಬೇಕು.

ಸೊಂಟದ ಮುರಿತಕ್ಕೆ ಇಡೀ ದೇಶದ ಮಟ್ಟದಲ್ಲಿ ಇಂಥದ್ದನ್ನು ಮೊದಲು ಶುರು ಮಾಡಿದ್ದು ಸ್ವೀಡನ್. ಅವರ ರಿಜಿಸ್ಟ್ರಿಯ ಹೆಸರು ರಿಕ್ಸ್‌ಹೋಫ್ಟ್, ವರ್ಷ 1988. ಲುಂಡ್ ನಗರದ ಮೂಳೆ ವೈದ್ಯ ಕಾರ್ಲ್ ಯೊರಾನ್ ಥೋರ್ನ್‌ಗ್ರೆನ್ ಅದರ ಹಿಂದಿದ್ದವರು. ಅದನ್ನು ನೋಡಿ ಸ್ಕಾಟ್ಲೆಂಡ್ 1993ರಲ್ಲಿ ತನ್ನದನ್ನು ಆರಂಭಿಸಿತು. ಡೆನ್ಮಾರ್ಕ್ 2003ರಲ್ಲಿ, ನಾರ್ವೆ 2005ರಲ್ಲಿ ಬಂದವು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನ್ಯಾಷನಲ್ ಹಿಪ್ ಫ್ರಾಕ್ಚರ್ ಡೇಟಾಬೇಸ್ 2007ರದ್ದು. ಐರ್ಲೆಂಡ್ 2012ರಲ್ಲಿ ಕೂಡಿಕೊಂಡಿತು. ಆಮೇಲಿನ ಕೆಲವೇ ವರ್ಷಗಳಲ್ಲಿ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಜೋಡಿ, ಜರ್ಮನಿ, ನೆದರ್ಲೆಂಡ್ಸ್, ಸ್ಪೇನ್, ಜಪಾನ್ ಕೂಡ ತಮ್ಮ ತಮ್ಮ ರಿಜಿಸ್ಟ್ರಿ ತೆರೆದವು.

ಇವುಗಳಲ್ಲಿ ಇಂಗ್ಲೆಂಡಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲಸ ನಡೆಯುವ ಬಗೆ ಅಲ್ಲಿ ಎದ್ದು ಕಾಣುತ್ತದೆ. ಅದನ್ನು ಕಟ್ಟಿದ್ದು ಮೂಳೆ ಶಸ್ತ್ರವೈದ್ಯರ ಸಂಘ ಮತ್ತು ವೃದ್ಧರೋಗ ತಜ್ಞರ ಸಂಘ ಎರಡೂ ಸೇರಿ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುವು ಇಲ್ಲೇ ಇದೆ. ಸೊಂಟ ಮುರಿದ 82ರ ಅಜ್ಜಿಗೆ ಮೂಳೆಯ ತೊಂದರೆ ಒಂದೇ ಇರುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮರೆವು, ಏಳೆಂಟು ಬಗೆಯ ಮಾತ್ರೆ ಎಲ್ಲವೂ ಜೊತೆಗಿರುತ್ತವೆ. ಮೂಳೆ ಕೂಡಿಸುವವರು ಒಬ್ಬರಾದರೆ ಉಳಿದದ್ದನ್ನು ನೋಡುವವರು ಇನ್ನೊಬ್ಬರು ಬೇಕು. ಇಬ್ಬರೂ ಮೊದಲ ದಿನದಿಂದಲೇ ಜೊತೆಗೂಡಿ ನೋಡುವ ಈ ಪದ್ಧತಿಗೆ ಆರ್ಥೋಜೀರಿಯಾಟ್ರಿಕ್ಸ್ ಎನ್ನುತ್ತಾರೆ, ಅಂದರೆ ಮೂಳೆ ವೈದ್ಯ ಮತ್ತು ವೃದ್ಧರೋಗ ತಜ್ಞರ ಜಂಟಿ ಆರೈಕೆ.

ರೋಗಿ ತುರ್ತು ವಿಭಾಗಕ್ಕೆ ಬಂದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಎಷ್ಟು ಗಂಟೆಗೆ ಬಂದರು, ವಾರ್ಡಿಗೆ ಎಷ್ಟು ಹೊತ್ತಿಗೆ ಹೋದರು, ನೋವು ತಗ್ಗಿಸಲು ತೊಡೆಸಂದಿಯ ಹತ್ತಿರ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೇ ಎಂದು ಬರೆಯುತ್ತಾರೆ. ಆಪರೇಷನ್ 36 ಗಂಟೆಯೊಳಗೆ ಆಗಬೇಕು. ವೃದ್ಧರೋಗ ತಜ್ಞರು 72 ಗಂಟೆಯೊಳಗೆ ನೋಡಬೇಕು. ಆಪರೇಷನ್ ಆದ ಮರುದಿನದೊಳಗೆ ಫಿಸಿಯೋಥೆರಪಿಯವರು ಬಂದು ಪರೀಕ್ಷಿಸಬೇಕು. ಊಟ ಸೇರುತ್ತಿದೆಯೇ ಎಂದು ವಿಚಾರಿಸಬೇಕು. ಡಿಲಿರಿಯಂ ಬಂದಿದೆಯೇ ಎಂದೂ ನೋಡಬೇಕು. ಡಿಲಿರಿಯಂ ಎಂದರೆ ಆಸ್ಪತ್ರೆಯಲ್ಲಿ ಹಿರಿಯರಿಗೆ ದಿಢೀರನೆ ಕವಿಯುವ ಗೊಂದಲ. ಊರು, ದಿನ, ಎದುರಿಗಿರುವ ಮಗಳು ಯಾವುದೂ ಗುರುತಾಗದ ಸ್ಥಿತಿ. ಮತ್ತೆ ಬೀಳದಂತೆ ಏನು ಮಾಡಬೇಕು, ಮೂಳೆಗೆ ಯಾವ ಔಷಧ ಎಂಬುದು ಮನೆಗೆ ಕಳಿಸುವ ಮುಂಚೆಯೇ ತೀರ್ಮಾನವಾಗಬೇಕು. 30ನೇ ದಿನ ಬದುಕಿದ್ದಾರೆಯೇ, 120ನೇ ದಿನ ನಡೆಯುತ್ತಿದ್ದಾರೆಯೇ, ತಮ್ಮ ಮನೆಯಲ್ಲೇ ಇದ್ದಾರೆಯೇ ಎಂಬುದೂ ದಾಖಲಾಗುತ್ತದೆ.

ಇಷ್ಟನ್ನು ಬರೆಯುವವರು ಯಾರು? ಹೆಚ್ಚಿನ ಕಡೆ ಇದಕ್ಕೆಂದೇ ನಿಯೋಜಿಸಿದ ನರ್ಸ್ ಇರುತ್ತಾರೆ. ಐರ್ಲೆಂಡಿನಲ್ಲಿ ಪ್ರತಿ ಆಸ್ಪತ್ರೆಗೂ ಒಬ್ಬ ಆಡಿಟ್ ಸಂಯೋಜಕರಿದ್ದಾರೆ. ನಾರ್ವೆಯಲ್ಲಿ ಆಪರೇಷನ್ ಮಾಡಿದ ವೈದ್ಯರೇ ಫಾರಂ ತುಂಬುತ್ತಾರೆ. ಅಲ್ಲಿ ಇನ್ನೊಂದು ಒಳ್ಳೆಯ ಕ್ರಮವಿದೆ. ನಾಲ್ಕು ತಿಂಗಳು, ಒಂದು ವರ್ಷ, ಮೂರು ವರ್ಷ ಆದಾಗ ರೋಗಿಗೇ ಪ್ರಶ್ನಾವಳಿ ಕಳಿಸಿ ನೋವು ಹೇಗಿದೆ, ಓಡಾಟ ಹೇಗಿದೆ ಎಂದು ಕೇಳುತ್ತಾರೆ. ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವ ಸ್ಕ್ರೂ ರೋಗಿಗೆ ನೋವು ಕೊಡುತ್ತಿದ್ದರೆ ಅದು ಗೊತ್ತಾಗುವುದು ಹೀಗೆ ಕೇಳಿದಾಗ ಮಾತ್ರ.

ಹೋಲಿಕೆ ದಾರಿ ತಪ್ಪುವುದು ಎಲ್ಲಿ?

ಮೊದಲ ತೊಡಕು, ಯಾರನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬುದು. ಆಸ್ಟ್ರೇಲಿಯಾ–ನ್ಯೂಜಿಲೆಂಡ್ 50 ದಾಟಿದವರನ್ನು ಸೇರಿಸಿಕೊಂಡಿತು. ಇಂಗ್ಲೆಂಡ್ 60ರಿಂದ ಶುರು ಮಾಡಿತು. ಡೆನ್ಮಾರ್ಕ್ 65, ಜರ್ಮನಿ 70, ಸ್ಪೇನ್ 75. ವಯಸ್ಸು ಏರಿದಂತೆ ಸಾವಿನ ಸಾಧ್ಯತೆಯೂ ಏರುತ್ತದೆ. 75 ದಾಟಿದವರ ಪಟ್ಟಿಯನ್ನು 50 ದಾಟಿದವರ ಪಟ್ಟಿಯ ಪಕ್ಕಕ್ಕಿಟ್ಟು ‘ಸ್ಪೇನಿನಲ್ಲಿ ಹೆಚ್ಚು ಜನ ಸತ್ತರು’ ಎಂದರೆ ಅದು ಅನ್ಯಾಯ. ಎರಡೂ ಕಡೆಯ 75 ದಾಟಿದವರನ್ನು ಮಾತ್ರ ಬೇರೆ ತೆಗೆದು ನೋಡಬೇಕು.

ಆಪರೇಷನ್ ಆಗದವರ ಕಥೆ ಏನು? ನಾರ್ವೆಯ ರಿಜಿಸ್ಟ್ರಿ ಆಪರೇಷನ್ ಆದವರನ್ನು ದಾಖಲಿಸುತ್ತದೆ. ಇಂಗ್ಲೆಂಡಿನದು ಆಗದವರನ್ನೂ ಬರೆಯುತ್ತದೆ. ತೀರಾ ನಿತ್ರಾಣರಾಗಿ ಆಪರೇಷನ್ ತಡೆಯಲಾರದವರೇ ಬೇಗ ತೀರಿಹೋಗುವವರು. ಅವರನ್ನು ಬಿಟ್ಟರೆ ಅಂಕಿ ಚೆಂದ ಕಾಣುತ್ತದೆ.

ಎರಡನೆಯದು ಗಡಿಯಾರ. ಒಂದು ಬಸ್ಸು ‘ಅರ್ಧ ಗಂಟೆಯಲ್ಲಿ ತಲುಪಿಸುತ್ತೇನೆ’ ಎಂದರೆ ಡಿಪೋದಿಂದ ಲೆಕ್ಕವೋ ನೀವು ನಿಂತ ಸ್ಟಾಪಿನಿಂದಲೋ ಎಂದು ಕೇಳುತ್ತೇವಲ್ಲ, ಇಲ್ಲೂ ಅದೇ ಪ್ರಶ್ನೆ. ಇಂಗ್ಲೆಂಡ್ ಆಸ್ಪತ್ರೆಯ ಬಾಗಿಲಿನಿಂದ ಎಣಿಸುತ್ತದೆ. ನಾರ್ವೆ ಮೂಳೆ ಮುರಿದ ಹೊತ್ತಿನಿಂದ ಎಣಿಸುತ್ತದೆ. ರಾತ್ರಿ ಹತ್ತಕ್ಕೆ ಬಿದ್ದ ಒಂಟಿ ಮುದುಕರನ್ನು ಬೆಳಿಗ್ಗೆ ಏಳಕ್ಕೆ ಯಾರೋ ಕಂಡು ಆಸ್ಪತ್ರೆಗೆ ತಂದರೆ, ಒಂದು ಲೆಕ್ಕದಲ್ಲಿ ಅವರು ಆಗಲೇ ಒಂಬತ್ತು ಗಂಟೆ ಕಾದಿದ್ದಾರೆ, ಇನ್ನೊಂದರಲ್ಲಿ ಸೊನ್ನೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ದೊಡ್ಡ ಊರಿಗೆ ಕಳಿಸಿದ ರೋಗಿಯ ಗಡಿಯಾರ ಯಾವ ಆಸ್ಪತ್ರೆಯಲ್ಲಿ ಶುರುವಾಯಿತು ಎಂಬುದನ್ನೂ ವಿಚಾರಿಸಬೇಕು. ಆಸ್ಟ್ರೇಲಿಯಾದಷ್ಟು ವಿಶಾಲ ದೇಶದಲ್ಲಿ, ನಮ್ಮ ಮಲೆನಾಡಿನಂಥ ಕಡೆಗಳಲ್ಲಿ ಇದು ಬಲು ದೊಡ್ಡ ವ್ಯತ್ಯಾಸ.

ಮೂರನೆಯದು, ಎಲ್ಲಿಯವರೆಗೆ ಹಿಂಬಾಲಿಸಿದರು ಎಂಬುದು. ‘ಆಸ್ಪತ್ರೆಯಲ್ಲಿ ಸತ್ತವರು’ ಎಂಬ ಅಂಕಿಯನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಜಪಾನಿನಲ್ಲಿ ಹಿರಿಯರು ವಾರಗಟ್ಟಲೆ ಆಸ್ಪತ್ರೆಯಲ್ಲೇ ಇದ್ದು ನಡೆಯಲು ಕಲಿತು ಹೋಗುತ್ತಾರೆ. ಅಮೆರಿಕದಲ್ಲಿ ಕೆಲವೇ ದಿನಗಳಲ್ಲಿ ಬೇರೆ ಶುಶ್ರೂಷಾ ಕೇಂದ್ರಕ್ಕೆ ಸಾಗಿಸುತ್ತಾರೆ. ಹತ್ತನೇ ದಿನ ತೀರಿಕೊಂಡವರು ಮೊದಲನೆಯ ಕಡೆ ಆಸ್ಪತ್ರೆಯ ಲೆಕ್ಕಕ್ಕೆ ಬರುತ್ತಾರೆ, ಎರಡನೆಯ ಕಡೆ ಬರುವುದಿಲ್ಲ. ಆದ್ದರಿಂದ ಎಲ್ಲಿದ್ದರೂ ಸರಿ, 30ನೇ ದಿನಕ್ಕೆ ಬದುಕಿದ್ದರೇ ಎಂಬ ಅಂಕಿಯೇ ಹೋಲಿಕೆಗೆ ತಕ್ಕದ್ದು. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಪ್ರತಿಯೊಬ್ಬರಿಗೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಸಾವಿನ ನೋಂದಣಿಯೊಡನೆ ತಾಳೆ ಹಾಕುವುದು ಸುಲಭ. ಆ ದೇಶಗಳ ಅಂಕಿ ಗಟ್ಟಿಯಾಗಿರುವುದು ಇದರಿಂದಲೇ.

ಇನ್ನೊಂದು ತಿರುಗುಮುರುಗಾದ ಸಂಗತಿ. ಚೆನ್ನಾಗಿ ಹುಡುಕುವ ಆಸ್ಪತ್ರೆ ಕೆಟ್ಟದ್ದಾಗಿ ಕಾಣುತ್ತದೆ. ಪ್ರತಿ ರೋಗಿಗೂ ಡಿಲಿರಿಯಂ ಪರೀಕ್ಷೆ ಮಾಡುವ ವಾರ್ಡಿನಲ್ಲಿ ಹೆಚ್ಚು ಡಿಲಿರಿಯಂ ಸಿಗುತ್ತದೆ. ಯಾರನ್ನೂ ಕೇಳದ ವಾರ್ಡಿನಲ್ಲಿ ಸೊನ್ನೆ. ಹಾಸಿಗೆ ಹುಣ್ಣಿನ ಕಥೆಯೂ ಇದೇ. ಅದಕ್ಕೇ ‘ಎಷ್ಟು ಜನರಿಗೆ ಆಯಿತು’ ಎಂದು ನೋಡುವ ಮೊದಲು ‘ಎಷ್ಟು ಜನರನ್ನು ಪರೀಕ್ಷಿಸಿದರು’ ಎಂದು ನೋಡಬೇಕು.

ರೋಗಿಗಳೇ ಬೇರೆ ಬೇರೆ ಸ್ಥಿತಿಯಲ್ಲಿ ಬಂದಿದ್ದರೆ? ಈ ಸಂದೇಹವೂ ನ್ಯಾಯವಾದದ್ದು. ವಯಸ್ಸು, ಗಂಡೋ ಹೆಣ್ಣೋ, ಬೀಳುವ ಮೊದಲು ಹೇಗೆ ನಡೆಯುತ್ತಿದ್ದರು, ಮನೆಯಿಂದ ಬಂದರೋ ವೃದ್ಧಾಶ್ರಮದಿಂದಲೋ, ಅರಿವಳಿಕೆ ಕೊಡುವಾಗ ವೈದ್ಯರು ಹಾಕುವ ಅಪಾಯದ ದರ್ಜೆ ಎಷ್ಟು, ಇವನ್ನೆಲ್ಲ ಸೇರಿಸಿ ಗಣಿತದಿಂದ ಸರಿದೂಗಿಸುತ್ತಾರೆ. ಇದಕ್ಕೆ ಕೇಸ್‌ಮಿಕ್ಸ್ ಹೊಂದಾಣಿಕೆ ಎಂದು ಹೆಸರು. ಅದಾದ ಮೇಲೂ ಚಿಕ್ಕ ಆಸ್ಪತ್ರೆಯ ಅಂಕಿ ಜಿಗಿಯುತ್ತದೆ. ವರ್ಷಕ್ಕೆ 40 ರೋಗಿಗಳಿರುವ ಕಡೆ ಒಂದು ಸಾವು ಹೆಚ್ಚಾದರೆ ಪ್ರಮಾಣ ನೂರಕ್ಕೆ 2.5ರಷ್ಟು ಏರುತ್ತದೆ. 800 ರೋಗಿಗಳಿರುವ ಕಡೆ ಅದೇ ಒಂದು ಸಾವು ಎದ್ದು ಕಾಣುವುದೇ ಇಲ್ಲ. ಇದನ್ನು ತೋರಿಸಲು ಫನಲ್ ಪ್ಲಾಟ್ ಎಂಬ ಆಲಿಕೆಯಾಕಾರದ ನಕ್ಷೆ ಬಳಸುತ್ತಾರೆ. ಆಲಿಕೆಯ ಒಳಗಿರುವ ಆಸ್ಪತ್ರೆಗಳ ವ್ಯತ್ಯಾಸ ಬರೀ ಅದೃಷ್ಟದ್ದಿರಬಹುದು. ಹೊರಗೆ ಬಿದ್ದವನ್ನು ಮಾತ್ರ ಕಾರಣ ಕೇಳಬೇಕು. ಒಂದು, ಎರಡು, ಮೂರು ಎಂದು ರ‍್ಯಾಂಕ್ ಕೊಟ್ಟ ಪಟ್ಟಿಗಿಂತ ಈ ನಕ್ಷೆ ಎಷ್ಟೋ ಪ್ರಾಮಾಣಿಕ.

ಇಷ್ಟೆಲ್ಲ ತಿಳಿದ ಮೇಲೆ ಸಿಂಗಪುರ–ಬ್ರಿಟನ್ ಅಂಕಿಗೆ ಮರಳಿ ಬಂದರೆ, ಅದು ಆಸ್ಪತ್ರೆಗಳ ಪರೀಕ್ಷೆಯ ಫಲಿತಾಂಶವಾಗಿ ಕಾಣುವುದಿಲ್ಲ. ಯಾವ ವಯಸ್ಸಿನವರು, ಎಷ್ಟು ಕಾಯಿಲೆಗಳೊಡನೆ, ಯಾವ ದಾಖಲೆಯಿಂದ ಲೆಕ್ಕಕ್ಕೆ ಬಂದರು ಎಂದು ಕೇಳಬೇಕಾದ ಪ್ರಶ್ನೆಗಳ ಆರಂಭವಾಗಿ ಕಾಣುತ್ತದೆ.

ಹೋಲಿಕೆಯಿಂದ ಏನು ಸಿಕ್ಕಿತು?

ಇಷ್ಟು ತೊಡಕಿದ್ದರೂ ಹೋಲಿಸುವುದು ಏಕೆ? ಒಂದೇ ಮುರಿತಕ್ಕೆ ಎರಡು ದೇಶಗಳು ಬೇರೆ ಬೇರೆ ಚಿಕಿತ್ಸೆ ಕೊಡುತ್ತಿವೆ ಎಂದಾದರೆ, ಎರಡರಲ್ಲಿ ಒಂದು ವಾಸಿ ಇರಬಹುದು. ಅದನ್ನು ತಿಳಿಯುವ ದಾರಿ ತೆರೆಯುವುದು ಹೋಲಿಕೆಯಿಂದ.

ನಾರ್ವೆಯ ಉದಾಹರಣೆ ನೋಡಿ. ಸರಿದ ಕತ್ತಿನ ಮುರಿತಕ್ಕೆ ಅಲ್ಲಿ ಕೆಲವರು ಸ್ಕ್ರೂ ಹಾಕುತ್ತಿದ್ದರು, ಕೆಲವರು ಚೆಂಡು ಬದಲಾಯಿಸುತ್ತಿದ್ದರು. ಸ್ಕ್ರೂ ಹಾಕುವುದು ಸಣ್ಣ ಆಪರೇಷನ್, ಹಿರಿಯರಿಗೆ ಅದೇ ಹಗುರ ಎಂಬ ನಂಬಿಕೆಯಿತ್ತು. 70 ದಾಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಾಖಲೆ ಸೇರಿದ ಮೇಲೆ, 2010ರಲ್ಲಿ ಫಲಿತಾಂಶ ಹೊರಬಂತು. ಸ್ಕ್ರೂ ಹಾಕಿಸಿಕೊಂಡವರಲ್ಲಿ ಒಂದು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ನೂರಕ್ಕೆ 22.6. ಚೆಂಡು ಬದಲಾಯಿಸಿದವರಲ್ಲಿ 2.9. ನೋವೂ ಎರಡನೆಯವರಲ್ಲಿ ಕಡಿಮೆ. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಗುರ ಎಂದುಕೊಂಡದ್ದು ಹಿರಿಯರನ್ನು ಎರಡೆರಡು ಬಾರಿ ಥಿಯೇಟರಿಗೆ ಕಳಿಸುತ್ತಿತ್ತು.

ಅರಿವಳಿಕೆಯಲ್ಲಿ ಇನ್ನೂ ದೊಡ್ಡ ವ್ಯತ್ಯಾಸ ಕಂಡಿತು. ನಾರ್ವೆ, ಸ್ವೀಡನ್‌ಗಳಲ್ಲಿ ಬಹುತೇಕರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುವುದೇ ಹೆಚ್ಚು. ಯಾವುದು ಸರಿ? ಇಂಥ ಕಡೆ ರಿಜಿಸ್ಟ್ರಿ ಪ್ರಶ್ನೆ ಎತ್ತಬಲ್ಲದು, ಉತ್ತರ ಕೊಡಲಾರದು. ಉತ್ತರಕ್ಕೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುವ ಪ್ರಯೋಗ ಬೇಕು. ಅಮೆರಿಕ–ಕೆನಡಾಗಳಲ್ಲಿ 1,600 ಜನರ ಮೇಲೆ ನಡೆದ ಅಂಥ ಪ್ರಯೋಗ 2021ರಲ್ಲಿ ಪ್ರಕಟವಾಯಿತು. 60 ದಿನದೊಳಗೆ ತೀರಿಕೊಂಡವರು ಮತ್ತು ಕೋಲು, ವಾಕರ್ ಹಿಡಿದರೂ ಇನ್ನೊಬ್ಬರ ನೆರವಿಲ್ಲದೆ ಹತ್ತು ಅಡಿ ನಡೆಯಲಾಗದವರು ಸೇರಿ ಎರಡೂ ಗುಂಪಿನಲ್ಲಿ ಸುಮಾರು ನೂರಕ್ಕೆ 18. ಆದ್ದರಿಂದ ‘ವಯಸ್ಸಾದವರಿಗೆ ಪೂರ್ತಿ ಮತ್ತು ಬರಿಸಿದರೆ ಏಳುವುದೇ ಇಲ್ಲ’ ಎಂಬ ಭಯ ಬೇಡ. ನಿಮ್ಮ ಮನೆಯವರಿಗೆ ಯಾವುದು ಹೊಂದುತ್ತದೆ ಎಂದು ಅರಿವಳಿಕೆ ವೈದ್ಯರು ಹೇಳಲಿ.

ಸಿಮೆಂಟಿನ ವಿಷಯವೂ ಹೀಗೆಯೇ ಬಗೆಹರಿಯಿತು. ಇಲ್ಲಿ ಸಿಮೆಂಟ್ ಎಂದರೆ ಲೋಹದ ಚೆಂಡಿನ ದಂಡನ್ನು ಮೂಳೆಯೊಳಗೆ ಭದ್ರವಾಗಿ ಕೂರಿಸುವ ವಿಶೇಷ ಅಂಟು. ಬ್ರಿಟನ್ನಿನಲ್ಲಿ 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಮೆಂಟ್ ಹಾಕಿಸಿಕೊಂಡವರ ಜೀವನ ತುಸು ನೆಮ್ಮದಿಯದಾಗಿತ್ತು. ದಂಡಿನ ಸುತ್ತ ಮತ್ತೆ ಮೂಳೆ ಮುರಿಯುವುದೂ ಕಡಿಮೆಯಿತ್ತು. ನಮ್ಮಲ್ಲಿ ಇನ್ನೂ ಬಳಕೆಯಲ್ಲಿರುವ ಆಸ್ಟಿನ್ ಮೂರ್ ಎಂಬ ಅಗ್ಗದ ಹಳೆಯ ಮಾದರಿಗೆ ಸಿಮೆಂಟ್ ಇಲ್ಲ. ಬ್ರಿಟನ್ನಿನ ಮಾರ್ಗಸೂಚಿ ಅದರ ಬದಲು ಫಲಿತಾಂಶ ಸಾಬೀತಾದ ಮಾದರಿ ಬಳಸಿ ಎಂದು 2011ರಲ್ಲೇ ಹೇಳಿತ್ತು. ನಿಮ್ಮ ವೈದ್ಯರನ್ನು ಈ ಬಗ್ಗೆ ಕೇಳಲು ಸಂಕೋಚ ಬೇಡ.

ಎಷ್ಟು ಬೇಗ ಆಪರೇಷನ್ ಮಾಡಬೇಕು? ಹಿಪ್ ಅಟ್ಯಾಕ್ ಎಂಬ ಹೆಸರಿನ ಪ್ರಯೋಗ ಭಾರತವೂ ಸೇರಿ 17 ದೇಶಗಳಲ್ಲಿ 2,970 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಆಪರೇಷನ್ ಆಯಿತು. 90 ದಿನದ ಸಾವಿನಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಆದರೆ ಬೇಗ ಆದವರಲ್ಲಿ ಡಿಲಿರಿಯಂ ಕಡಿಮೆ, ಅವರು ಎದ್ದು ನಿಂತದ್ದೂ ಬೇಗ. ಇದರಿಂದ ಒಂದು ಸಮಾಧಾನವಿದೆ: 6 ಗಂಟೆ ತಪ್ಪಿತೆಂದು ಎದೆಗುಂದಬೇಕಿಲ್ಲ. ಆದರೆ ಇದನ್ನು ನೆಪ ಮಾಡಿಕೊಂಡು ನಾಲ್ಕೈದು ದಿನ ಎಳೆಯುವ ಹಾಗಿಲ್ಲ. ಈ ಪ್ರಯೋಗದಲ್ಲಿ ‘ತಡ’ ಎಂಬ ಗುಂಪೇ ಒಂದು ದಿನದ ಆಸುಪಾಸಿನದು. ಆಸ್ಟ್ರೇಲಿಯಾ ಕೂಡ 2016ರಲ್ಲಿ 48 ಗಂಟೆ ಎಂದಿದ್ದ ತನ್ನ ಗಡುವನ್ನು 2023ರಲ್ಲಿ 36ಕ್ಕೆ ಇಳಿಸಿತು.

ಖರ್ಚು ಎಷ್ಟು, ಲಾಭ ಏನು?

ರಿಜಿಸ್ಟ್ರಿಯ ದೊಡ್ಡ ಖರ್ಚು ಕಂಪ್ಯೂಟರ್ ಅಲ್ಲ, ವಿವರ ತುಂಬುವ ನರ್ಸಿನ ಸಮಯ. ಆ ಖರ್ಚು ಮರಳಿ ಬರುತ್ತದೆಯೇ?

ಇಂಗ್ಲೆಂಡ್ 2010ರಲ್ಲಿ ಬೆಸ್ಟ್ ಪ್ರಾಕ್ಟೀಸ್ ಟ್ಯಾರಿಫ್ ತಂದಿತು. ಮೇಲೆ ಹೇಳಿದಂಥ ಷರತ್ತುಗಳೆಲ್ಲ ಒಬ್ಬ ರೋಗಿಯಲ್ಲಿ ಪೂರೈಸಿದ್ದರೆ ಆಸ್ಪತ್ರೆಗೆ ಹೆಚ್ಚುವರಿ ಹಣ. ಒಂದು ತಪ್ಪಿದರೂ ಇಲ್ಲ. ಆ ಮೊತ್ತ ಮುಂದೆ ರೋಗಿಗೆ 1,335 ಪೌಂಡಿಗೆ ಏರಿತು. ಐರ್ಲೆಂಡ್ 2018ರಲ್ಲಿ 1,000 ಯೂರೋದಂತೆ ಇದೇ ದಾರಿ ಹಿಡಿಯಿತು. ಹಣ ಕೊಟ್ಟದ್ದರಿಂದ ನಿಜಕ್ಕೂ ಜೀವ ಉಳಿಯಿತೇ ಎಂದು ನೋಡಲು ಸಂಶೋಧಕರು ಇಂಗ್ಲೆಂಡನ್ನು ಸ್ಕಾಟ್ಲೆಂಡಿನೊಡನೆ ಹೋಲಿಸಿದರು. ಜನ, ವೈದ್ಯ ಶಿಕ್ಷಣ, ಸರಕಾರಿ ಆರೋಗ್ಯ ವ್ಯವಸ್ಥೆ ಎಲ್ಲ ಹತ್ತಿರ ಹತ್ತಿರ. ಈ ಹಣದ ಏರ್ಪಾಡು ಮಾತ್ರ ಸ್ಕಾಟ್ಲೆಂಡಿನಲ್ಲಿರಲಿಲ್ಲ. 2010ರಿಂದ 2016ರವರೆಗೆ ಇಂಗ್ಲೆಂಡಿನಲ್ಲಿ ಸುಮಾರು 7,600 ಸಾವುಗಳು ತಪ್ಪಿರಬಹುದು ಎಂದು ಅವರ ಅಂದಾಜು. ದೇಶಗಳನ್ನು ಹೋಲಿಸುವ ಕೆಲಸದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟೆನಿಸಿದ್ದು ಇದೇ.

ಹಣವೊಂದೇ ಅಲ್ಲ, ಬರೆದಿಡುವುದೂ ಬದಲಾವಣೆ ತಂದಿತ್ತು. 2007ರಲ್ಲಿ ಇಂಗ್ಲೆಂಡಿನಲ್ಲಿ 30 ದಿನದೊಳಗೆ ತೀರಿಕೊಳ್ಳುತ್ತಿದ್ದವರು ನೂರಕ್ಕೆ 10.9. 2011ಕ್ಕೆ ಅದು 8.5ಕ್ಕೆ ಇಳಿದಿತ್ತು. ಬಂದ ದಿನ ಅಥವಾ ಮರುದಿನವೇ ಆಪರೇಷನ್ ಆದವರು ಅದೇ ಅವಧಿಯಲ್ಲಿ 54.5ರಿಂದ 71.3ಕ್ಕೆ ಏರಿದ್ದರು. ಪಕ್ಕದೂರಿನ ಆಸ್ಪತ್ರೆ ಏನು ಮಾಡುತ್ತಿದೆ ಎಂದು ತಿಂಗಳು ತಿಂಗಳು ಕಣ್ಣಿಗೆ ಬಿದ್ದಾಗ ಯಾವ ಆಸ್ಪತ್ರೆಯೂ ಸುಮ್ಮನೆ ಕೂರುವುದಿಲ್ಲ.

ಎಲ್ಲಿ ನೋಡಬಹುದು?

ಇಂಗ್ಲೆಂಡಿನ ಡೇಟಾಬೇಸಿನ ಜಾಲತಾಣದಲ್ಲಿ ಆಸ್ಪತ್ರೆಯ ಹೆಸರು ಆರಿಸಿ ಅದರ ನಕ್ಷೆಗಳನ್ನು ಯಾರು ಬೇಕಾದರೂ ನೋಡಬಹುದು. ದುಡ್ಡು ಕೊಡಬೇಕಿಲ್ಲ. ಐರ್ಲೆಂಡಿನ ವಾರ್ಷಿಕ ವರದಿಯನ್ನು ಅಲ್ಲಿನ ನ್ಯಾಷನಲ್ ಆಫೀಸ್ ಆಫ್ ಕ್ಲಿನಿಕಲ್ ಆಡಿಟ್ ಪ್ರಕಟಿಸುತ್ತದೆ. ನಾರ್ವೆಯದು ಬೆರ್ಗೆನ್ ನಗರದ ಹೌಕೆಲಾಂಡ್ ಆಸ್ಪತ್ರೆಯಿಂದ ಬರುತ್ತದೆ. ಆಸ್ಟ್ರೇಲಿಯಾ–ನ್ಯೂಜಿಲೆಂಡ್ ವರದಿಯೂ ಪ್ರತಿ ವರ್ಷ ಉಚಿತವಾಗಿ ಸಿಗುತ್ತದೆ. ಹೊಸದಾಗಿ ಆರಂಭಿಸುವ ದೇಶಗಳಿಗೆಂದು ಫ್ರಾಜಿಲಿಟಿ ಫ್ರಾಕ್ಚರ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಕೂಟ ಕನಿಷ್ಠ ವಿವರಗಳ ಒಂದು ನಮೂನೆ ಸಿದ್ಧಪಡಿಸಿದೆ. ಎಲ್ಲರೂ ಅದೇ ನಮೂನೆ ಬಳಸಿದರೆ ಮೇಲೆ ಹೇಳಿದ ವಯಸ್ಸು, ಗಡಿಯಾರಗಳ ಗೊಂದಲ ಬಹುಪಾಲು ತೀರುತ್ತದೆ.

ನಮ್ಮಲ್ಲಿ?

ಇಡೀ ಭಾರತಕ್ಕೆ ಒಂದಾದ, ಎಲ್ಲ ಆಸ್ಪತ್ರೆಗಳೂ ತುಂಬುವ ಇಂಥ ರಿಜಿಸ್ಟ್ರಿ ಇನ್ನೂ ಬಂದಿಲ್ಲ. ಬಿಡಿ ಅಧ್ಯಯನಗಳಿವೆ. ಹರಿಯಾಣದ ರೋಹ್ತಕ್ ಜಿಲ್ಲೆಯಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಎಣಿಕೆಯಂತೆ 50 ದಾಟಿದ ಪ್ರತಿ ಲಕ್ಷ ಜನರಲ್ಲಿ ವರ್ಷಕ್ಕೆ 129 ಮಂದಿಗೆ ಸೊಂಟ ಮುರಿಯುತ್ತದೆ. ದೆಹಲಿಯ ಮೂರು ದೊಡ್ಡ ಸರಕಾರಿ ಆಸ್ಪತ್ರೆಗಳ ಅಧ್ಯಯನ 2017ರಲ್ಲಿ ಬಂತು. ಮನೆಯಿಂದ ಹೊರಡುವುದರಲ್ಲಿ, ಆಸ್ಪತ್ರೆ ಸೇರಿದ ಮೇಲೆ ಸರದಿ ಬರುವುದರಲ್ಲಿ ಹೀಗೆ ಹೆಜ್ಜೆಹೆಜ್ಜೆಗೂ ತಡವಾಗುವುದನ್ನು ಅದು ಗುರುತಿಸಿತು. ನಾಟಿ ಕಟ್ಟು ಕಟ್ಟಿಸಿ ವಾರ ಕಳೆದ ಮೇಲೆ ಆಸ್ಪತ್ರೆಗೆ ಬರುವವರು, ಎಕ್ಸ್‌ರೇ ನೋಡಿ ಆಪರೇಷನ್ ಬೇಡವೆಂದು ಮನೆಗೆ ಮರಳುವವರು ನಮ್ಮ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕರ್ನಾಟಕದಲ್ಲಿ ಇದನ್ನು ಶುರು ಮಾಡುವುದು ಅಸಾಧ್ಯವೇನಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಪಡೆದವರ ಕಡತ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಹೋಗುತ್ತದೆ. ಸಾವಿನ ನೋಂದಣಿಗೆ ಇ-ಜನ್ಮ ತಂತ್ರಾಂಶವಿದೆ. ಖಾಸಗಿತನ ಕಾಪಾಡಿಕೊಂಡು ಈ ಎರಡನ್ನು ತಾಳೆ ಹಾಕಿದರೆ 30ನೇ ದಿನ ಎಷ್ಟು ಹಿರಿಯರು ಉಳಿದಿದ್ದರು ಎಂಬ ಮೊದಲ ಅಂಕಿ ಸಿಗಬಲ್ಲದು. ಅಂದಹಾಗೆ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರ ಸಿಬ್ಬಂದಿಯನ್ನು ದಾಖಲಾದ ದಿನವೇ ವಿಚಾರಿಸಿ.

ರಿಜಿಸ್ಟ್ರಿ ಬರುವ ತನಕ ಮನೆಯವರು ಕಾಯಬೇಕಿಲ್ಲ. ಆ ದೇಶಗಳು ಬರೆದಿಡುವ ಸಂಗತಿಗಳನ್ನೇ ನೀವು ಬಾಯಲ್ಲಿ ಕೇಳಬಹುದು. ಆಪರೇಷನ್ ಯಾವಾಗ, ತಡವಾಗುವುದಾದರೆ ಕಾರಣವೇನು? ರಕ್ತ ತೆಳುಮಾಡುವ ಮಾತ್ರೆ, ಹೃದಯದ ತೊಂದರೆಯಂಥ ನ್ಯಾಯವಾದ ಕಾರಣಗಳಿರುತ್ತವೆ. ವಿಮೆಯ ಕಾಗದ ಬಂದಿಲ್ಲ ಎಂಬುದಾದರೆ ಒತ್ತಾಯಿಸಿ. ಅಲ್ಲಿಯವರೆಗೆ ನೋವಿಗೆ ನರದ ಇಂಜೆಕ್ಷನ್ ಸಿಗುತ್ತದೆಯೇ? ವೃದ್ಧರೋಗ ತಜ್ಞರಿಲ್ಲದಿದ್ದರೆ ಫಿಜಿಶಿಯನ್ ದಿನಾ ಬಂದು ನೋಡುತ್ತಾರೆಯೇ? ಮರುದಿನ ಎಬ್ಬಿಸಿ ನಿಲ್ಲಿಸುತ್ತೀರಾ? ಮನೆಗೆ ಕಳಿಸುವ ಚೀಟಿಯಲ್ಲಿ ಮೂಳೆ ಗಟ್ಟಿ ಮಾಡುವ ಔಷಧ ಬರೆದಿದ್ದೀರಾ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಕ್ಯಾಲ್ಸಿಯಂ ಮಾತ್ರೆಯೊಂದೇ ಸಾಲದು.

ಮೂಳೆ ವಿಭಾಗದ ವೈದ್ಯರು ಮತ್ತು ನರ್ಸುಗಳಲ್ಲಿ ಒಂದು ಕೋರಿಕೆ. ಬಂದ ಹೊತ್ತು, ಆಪರೇಷನ್ ಆದ ಹೊತ್ತು, ಎದ್ದು ನಿಂತ ದಿನ, ಮೂಳೆಯ ಔಷಧ, 30ನೇ ದಿನದ ಒಂದು ಫೋನ್ ಕರೆ. ಈ ಐದನ್ನು 60 ದಾಟಿದ ಪ್ರತಿ ರೋಗಿಗೂ ನಿಮ್ಮ ವಾರ್ಡಿನಲ್ಲಿ ಇಂದಿನಿಂದಲೇ ಬರೆದಿಡಿ, ವರ್ಷದ ಕೊನೆಗೆ ಗೋಡೆಗೆ ಅಂಟಿಸಿ.